ಎಡಗಾಲಿನ ಕಿಕ್ಕು

ನಮ್ಮ ಗಾಡಿಯ ಕಿಕ್ಕು ಎಡಗಡೆಗಿದೆ. ಊರಿನ ಗಾಡಿಗಳಿಗೆಲ್ಲ ಬಲಗಡೆ ಇದ್ದರೆ ಇದೊಂದಕ್ಕೆ ಎಡಗಡೆ. ಅದೂ ಕಿಕ್ಕಿಗೊಂದು, ಗೇರಿಗೊಂದು ಎಂದು ಬೇರೆ ಬೇರೆ ಇಲ್ಲ. ಎರಡಕ್ಕೂ ಒಂದೇ ಹಿಡಿ. ಮೇಲಕ್ಕೆತ್ತಿ ಒದ್ದರೆ ಕಿಕ್ಕು, ಎಂಜಿನ್ ಹತ್ತಿದ ಮೇಲೆ ಮುಂದಕ್ಕೆ ಮಡಚಿದರೆ ಗೇರು. ಎರಡು ಸೈಲೆನ್ಸರ್, ದುಂಡನೆಯ ಟ್ಯಾಂಕು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಟು-ಸ್ಟ್ರೋಕ್ ಎಂಜಿನ್. ಮಾಡಿದ ಕಂಪನಿ ಗಾಡಿ ಮಾಡುವುದನ್ನು ಬಿಟ್ಟ ಮೇಲೆ ನಮ್ಮ ಮನೆಯವರು ಇದನ್ನು ಹಳೆಯದಾಗಿಯೇ ಕೊಂಡಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅಂಗಳದಲ್ಲಿ ಅದಾಗಲೇ ನಿಂತಿತ್ತು. ಹೋದ ವರ್ಷ ಇವರು ಮಾಳಿಗೆಯ ಮೆಟ್ಟಿಲಿನಿಂದ ಜಾರಿ ಬಿದ್ದರು. ಮೈಯಲ್ಲಿ ಅಷ್ಟೊಂದು ಎಲುಬುಗಳಿರುವಾಗ ಮುರಿದದ್ದು ಎಡ ಮೊಣಕಾಲೇ.

"ನಡೀರಿ, ಕುಂದ್ರ್ರಿ, ಗಾಡೀನೂ ಓಡಸ್ರಿ. ಜೋರ್ಲೆ ಒದಿಯೋದು ಮಾತ್ರ ಬ್ಯಾಡ," ಅಂದರು ಡಾಕ್ಟರು. ಅವರಿಗೇನು ಗೊತ್ತು, ನಮ್ಮ ಗಾಡಿ ಜೋರಿಗೆ ಒದೆಯದೆ ಎಂದೂ ಹತ್ತಿದ್ದಿಲ್ಲ ಎಂದು. ಬೆಳಿಗ್ಗೆ ಆರೇಳು ಒದೆ, ಬಿಸಿಲಿಗೆ ನಿಲ್ಲಿಸಿ ಬಂದರೆ ಹತ್ತು. ಕೆಲವೊಮ್ಮೆ ಹಿಡಿ ತಿರುಗಿ ಕಾಲಿಗೇ ಹೊಡೆಯುತ್ತಿತ್ತು. ಪ್ಲೇಟು ಕೂರಿಸಿದ ಮೊಣಕಾಲಿಗೆ ಅಂಥದೊಂದು ಏಟು ಬಿದ್ದರೆ ಮತ್ತೆ ಆಸ್ಪತ್ರೆಯೇ.

ಇವರದು ಹೊಲಿಗೆ ಯಂತ್ರದ ರಿಪೇರಿ. ರಾಯಚೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ ಎಂದು ಬೋರ್ಡು ಹೇಳುತ್ತದೆ. ಆದರೆ ನಿಜವಾದ ಕೆಲಸವಿರುವುದು ದಾರಿಯ ಮೇಲೆ. ಕಾಲಿಂದ ತುಳಿಯುವ ಯಂತ್ರವನ್ನು ಯಾರು ಹೊತ್ತು ತರುತ್ತಾರೆ? ಇವರೇ ಹೋಗಬೇಕು. ಸಂತೆಯ ದಿನ ದೇವದುರ್ಗ, ಇನ್ನೊಂದು ದಿನ ಮಾನ್ವಿ, ನಡುವೆ ಚಂದ್ರಬಂಡ, ಮಲ್ಲಟ, ಅವುಗಳ ಸುತ್ತಲಿನ ಊರುಗಳು. ಕಾಲು ಮುರಿದ ಮೇಲೆ ಬಸ್ಸಿನಲ್ಲಿ ಹೋಗತೊಡಗಿದರು. ಬಸ್ಸಿನಲ್ಲಿ ಹೋದರೆ ಸ್ಟ್ಯಾಂಡಿನ ಸುತ್ತ ಇರುವ ಯಂತ್ರಗಳಷ್ಟೇ ಕೈಗೆ ಸಿಗುತ್ತವೆ. ಒಳಗಿನ ಊರುಗಳಿಂದ ಫೋನು ಬಂದರೆ, "ಮುಂದಿನ ವಾರ ನೋಡ್ತೀನವ್ವಾ" ಅನ್ನುತ್ತಿದ್ದರು. ಆ ಮುಂದಿನ ವಾರ ಬರುತ್ತಲೇ ಇರಲಿಲ್ಲ. ಫೋನು ಇಟ್ಟ ಮೇಲೆ ಅಂಗಳಕ್ಕೆ ಹೋಗಿ ಗಾಡಿಯ ಸೀಟಿನ ಧೂಳು ಒರೆಸಿ ಬರುತ್ತಿದ್ದರು.

ಬಟನ್ ಒತ್ತಿದರೆ ಹತ್ತುವ ಸ್ಕೂಟರ್ ತಗೊಳ್ಳಿ ಎಂದು ಹೇಳದವರಿಲ್ಲ. ನನ್ನ ತಮ್ಮ ತನ್ನದನ್ನು ಒಂದು ವಾರ ಬಿಟ್ಟೂ ಹೋದ. ಕಚ್ಚಾ ರಸ್ತೆಯಲ್ಲಿ ಅದರ ಸಣ್ಣ ಗಾಲಿಗಳು ಕುಣಿದು, ಉಪಕರಣದ ಪೆಟ್ಟಿಗೆ ಎರಡು ಸಲ ಬಿದ್ದು, ಇವರು ಅದನ್ನು ತೊಳೆದು ವಾಪಸು ಕಳಿಸಿದರು.

ಆಗಲೇ ಹೈದರಾಬಾದ್ ರಸ್ತೆಯಲ್ಲಿ ಹೊಸ ಹೊಟೇಲು ಕಟ್ಟಿಸುತ್ತಿದ್ದ ಒಬ್ಬರು ಗಾಡಿಯನ್ನು ಕೇಳಿಕೊಂಡು ಬಂದದ್ದು. ಬಾಗಿಲ ಮುಂದೆ ಶೋಭೆಗೆ ನಿಲ್ಲಿಸುತ್ತಾರಂತೆ. ಸೀಟಿನ ಮೇಲೆ ಹೂವಿನ ಕುಂಡ ಇಡುತ್ತಾರಂತೆ. "ಎಂಜಿನ್ ಚಾಲೂ ಇಲ್ಲಂದ್ರೂ ನಡೀತದ್ರಿ, ನೋಡಾಕ ಚಂದ ಇದ್ರ ಸಾಕು," ಎಂದರು. ನಮ್ಮ ಮನೆಯವರು ಸೀಟಿನ ಧೂಳನ್ನು ಇನ್ನೊಮ್ಮೆ ಒರೆಸಿ, "ಮುಂದಿನ ಭಾನುವಾರ ಟೆಂಪೋ ತಗೊಂಡು ಬರ್ರಿ," ಅಂದುಬಿಟ್ಟರು.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಆ ಮಾತು ಕೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಸಂಜೆಯೇ ಮಿಸ್ತ್ರಿಯವರಿಗೆ ಫೋನು ಮಾಡಿದೆ.

ಮಿಸ್ತ್ರಿ ಎಂದರೆ ಇವರ ಗೆಳೆಯ. ಮೊದಲು ಗ್ಯಾರೇಜು ನಡೆಸುತ್ತಿದ್ದರು, ಈಗ ಟೈರಿನ ಅಂಗಡಿಯಲ್ಲಿ ಕೂರುತ್ತಾರೆ. ಅವರ ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ನಟ್ಟು ತಿರುಗದೆ ಹಟ ಮಾಡಿದರೆ ಎರಡೂ ಕೂಡಿ ಬರುತ್ತವೆ. ಬಂದವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮೊಣಕಾಲೂರಿ ಕೂತು, ನನ್ನ ಕಡೆ ತಿರುಗಿದರು.

"ಭಾಬಿ, ಇದರ ಕಿಕ್ಕು ಗಟ್ಟಿ ಇಲ್ಲ. ಇದರ ಕಿಡಿ ಮೆತ್ತಗ ಅದ. ಆರು ವೋಲ್ಟಿನ ಹಳೀ ಪದ್ಧತಿ. ಕಿಡಿ ಮೆತ್ತಗಿದ್ರ ಮನುಷ್ಯಾ ಜೋರ್ ಒದೀಬೇಕಾಗ್ತದ. ಕಿಡಿ ಜೋರ್ ಮಾಡಿದ್ವಿ ಅಂದ್ರ ಮನುಷ್ಯಾ ಮೆತ್ತಗ ಒದ್ರೂ ನಡೀತದ."

"ಮಾಡಾಕ ಬರ್ತದೇನ್ರಿ?"

"ಯಾಕ ಬರಂಗಿಲ್ಲ? ಈಗ ಹನ್ನೆರಡು ವೋಲ್ಟಿನ ಎಲೆಕ್ಟ್ರಾನಿಕ್ ಸಾಮಾನು ಪಾರ್ಸಲ್‌ನ್ಯಾಗ ಬರ್ತದ. ಕಿಡಿ ಹಾರಿಸೋ ಪಾಯಿಂಟ್ ದಿನಾ ತಿಕ್ಕೋದಿಲ್ಲ, ಕಾಲಿಗೆ ಹೊಡಿಯೋದಿಲ್ಲ. ಕಾರ್ಬೊರೇಟರೂ ಹೊಸಾದು ಹಾಕೂಣು. ಹಳೇದು ಸವದು ಜಾಳಿಗಿ ಆಗ್ಯಾದ."

ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನಾ ಮಾತು ಕೊಟ್ಟೀನಿ," ಅಂದರು.

"ಭಾನುವಾರಕ್ಕ ಕೊಟ್ಟೀರಿ," ಅಂದೆ ನಾನು. "ಭಾನುವಾರಕ್ಕ ಇನ್ನೂ ಎಂಟು ದಿನ ಅದ."

ಅವರು ನನ್ನ ಮುಖ ನೋಡಿದರು, ಗಾಡಿಯ ಮುಖ ನೋಡಿದರು. ಕೊನೆಗೆ, "ಆತು. ಆ ಮನುಷ್ಯಾ ಬರೋದ್ರೊಳಗ ನನ್ನ ಎಡಗಾಲಿಂದ, ನಾನೇ ಚಾಲೂ ಮಾಡಬೇಕು. ಆತಂದ್ರ ಗಾಡಿ ಮನ್ಯಾಗ, ಅವರ ಕೈ ಕಾಲು ಹಿಡದು ಮಾಫಿ ಕೇಳ್ತೀನಿ. ಆಗಲಿಲ್ಲಂದ್ರ ಗಾಡಿ ಹೊಟೇಲಿಗೆ. ನೀವ್ಯಾರಾರ ಒದ್ದು ಕೊಟ್ರ ಅದು ಲೆಕ್ಕಕ್ಕಿಲ್ಲ. ದೇವದುರ್ಗದಾಗ ನನಗ ಯಾರು ಬಂದು ಒದೀತಾರ?" ಅಂದರು.

ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತದೆಯೇ ಅಂದರು: "ಮುಂದಿನ ವಾರ ಅಂತ ನೀ ಹೇಳಿದ್ದು ನಂಬಿ ಕುಂತಾರಲ್ಲ ಎಲ್ಲಾ ಊರಾಗ, ಅವರು ಒದೀತಾರ ತಗಾ. ನಿನ್ನ."

ಮಿಸ್ತ್ರಿ ಅವತ್ತೇ ಫೋನು ಮಾಡಿ ಹೇಳಿದ್ದ ಪಾರ್ಸಲ್ ಸೋಮವಾರ ಬಂತು. ಪೆಟ್ಟಿಗೆ ತೆರೆದಾಗ ಅಂಗಳದಲ್ಲಿ ಹಬ್ಬ. ತಟ್ಟೆಯಂಥದೊಂದು, ಅದರ ಸುತ್ತ ಕೆಂಪು ತಂತಿ ಸುತ್ತಿದ ಕಾಯಿಲುಗಳು, ತಿರುಗುವ ಮ್ಯಾಗ್ನೆಟ್ಟು, ಸೋಪಿನ ಬಿಲ್ಲೆಯಷ್ಟು ದಪ್ಪದ ಕರೀ ಡಬ್ಬಿ, ಹೊಸ ಹಾರ್ನು, ಹೊಸ ಬಲ್ಬು. ಇವರು ಒಂದೊಂದನ್ನೂ ಕೈಯಲ್ಲಿ ಹಿಡಿದು ತೂಗಿ ತೂಗಿ ನೋಡಿ, ನನ್ನ ಹಳೆಯ ಸೀರೆಯ ತುಂಡಿನ ಮೇಲೆ ಸಾಲಾಗಿ ಇಟ್ಟರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಸೀಟಿ ಕೇಳಿದ್ದು ಅವತ್ತೇ. ನಾನು ಸುಮ್ಮನೆ ಒಳಗೆ ಹೋಗಿ ಚಹಕ್ಕಿಟ್ಟೆ. ಹೊರಗೆ ನಿಂತಿದ್ದರೆ ನನಗೇ ನಗು ತಡೆಯಲಾಗುತ್ತಿರಲಿಲ್ಲ.

ಕಾರ್ಬೊರೇಟರಿನದೇ ಒಂದು ತೊಡಕು. ಹೊಸದರ ಬಾಯಿ ನಮ್ಮ ಎಂಜಿನ್ನಿನ ಬಾಯಿಗೆ ಕೂರುವುದಿಲ್ಲ. ನಡುವೆ ಅಲ್ಯೂಮಿನಿಯಂದೊಂದು ತುಂಡು ಬೇಕು, ಅದನ್ನು ಲೇತಿನ ಮೇಲೆ ಕಡೆಸಬೇಕು. ಮಾನ್ವಿಯಲ್ಲಿ ಲೇತ್ ಇಟ್ಟಿರುವವರೊಬ್ಬರು ಇವರ ಗಿರಾಕಿ. ಮಂಗಳವಾರ ಇಬ್ಬರೂ ಬಸ್ಸು ಹತ್ತಿದೆವು. ಇವರ ಕೈಯಲ್ಲಿ ಕಾರ್ಬೊರೇಟರು, ನನ್ನ ಕೈಯಲ್ಲಿ ಬುತ್ತಿ.

ಲೇತಿನವರು ಕಾರ್ಬೊರೇಟರನ್ನು ತಿರುಗಿಸಿ ನೋಡುತ್ತಿದ್ದ ಹಾಗೆ ಒಳಗಿನಿಂದ ಅವರ ಹೆಂಡತಿ ಬಂದರು. "ಅಣ್ಣಾರ ಬಂದೀರೇನ್ರಿ? ಮೂರು ತಿಂಗಳಾತು, ದಾರ ಪಟ್ ಪಟ್ ಹರೀತದ. ಬ್ಲೌಸು ಹೊಲಿಯಾಕ ಕುಂತ್ರ ಅಳು ಬರ್ತದ."

"ಅವರ ಕೆಲಸ ನಾ ಮಾಡ್ತೀನಿ, ನಿನ್ನ ಕೆಲಸ ಅವರು ಮಾಡ್ಲಿ," ಅಂದರು ಲೇತಿನವರು.

ಹೊರಗೆ ಲೇತು ಕಿರ್ರೆಂದು ತಿರುಗಿ ಅಲ್ಯೂಮಿನಿಯಂ ಬೆಳ್ಳಿಯ ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು. ಒಳಗೆ ಇವರು ಯಂತ್ರವನ್ನು ಹಿಂದಕ್ಕೆ ಮಲಗಿಸಿ, ದಾರ ಹಿಡಿಯುವ ಶಟಲ್ ಬಿಚ್ಚಿ, ಅದರ ಮೂಗಿಗೆ ಬಿದ್ದಿದ್ದ ಕೂದಲಿನಷ್ಟು ಸಣ್ಣ ಗೀರನ್ನು ಉಜ್ಜಿ ತೆಗೆದರು. ಯಂತ್ರ ತುಳಿದು ನೋಡಿದ ಆ ಹೆಣ್ಣುಮಗಳ ಮುಖ ಅರಳಿತು. "ಬಾಜೂ ಮನ್ಯಾಗ ಒಂದದ, ಆಚಿ ಓಣ್ಯಾಗ ಎರಡವ, ಮಲ್ಲಟದಾಗಿಂದ ನಮ್ಮಕ್ಕ ದಿನಾ ಫೋನ್ ಮಾಡ್ತಾಳ," ಎಂದು ಒಂದೊಂದೇ ಹೇಳತೊಡಗಿದರು. ಇವರು ಗಡಿಯಾರ ನೋಡಿದರು. ಬಸ್ಸಿನ ಹೊತ್ತಾಗಿತ್ತು. ಉಪಕರಣದ ಚೀಲ ಮುಚ್ಚುವಾಗ ಅವರ ಕೈ ಎಷ್ಟು ನಿಧಾನವಾಗಿತ್ತೆಂದರೆ, ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

ಬುಧವಾರ, ಗುರುವಾರ ಮ್ಯಾಗ್ನೆಟ್ಟಿನ ಕೆಲಸ. ನಮ್ಮ ಅಂಗಳಕ್ಕೆ ಹಾಸಿದ್ದು ಶಹಾಬಾದಿ ಪರಸಿ ಕಲ್ಲು. ಮಧ್ಯಾಹ್ನ ಅದರ ಮೇಲೆ ಕಾಲಿಡಲಾಗುವುದಿಲ್ಲ. ಬೆಳಿಗ್ಗೆ ಹನ್ನೊಂದರವರೆಗೆ ಒಂದು ಪಾಳಿ, ನಾಲ್ಕರ ಮೇಲೆ ಇನ್ನೊಂದು. ಇವರು ಮಣೆಯ ಮೇಲೆ ಎಡಗಾಲು ಚಾಚಿ ಕೂರುತ್ತಿದ್ದರು, ಮಿಸ್ತ್ರಿ ಎದುರಿಗೆ. ಹಳೆಯ ಡೈನಮೋ ಬಿಚ್ಚಿದಾಗ ಒಳಗಿನಿಂದ ಉದುರಿದ ಕರೀ ಪುಡಿಯನ್ನು ನಾನೇ ಗುಡಿಸಿದೆ.

ಹೊಸದನ್ನು ಕೂರಿಸುವಾಗ ಟೈಮಿಂಗ್ ಹೊಂದಿಸಬೇಕು. ಪಿಸ್ಟನ್ ಮೇಲೇರಿ ತುದಿ ಮುಟ್ಟುವುದಕ್ಕೆ ಕೂದಲೆಳೆ ಮೊದಲು ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದು ಮಿಲಿಮೀಟರಿನ ಲೆಕ್ಕ. ಪ್ಲಗ್ಗಿನ ತೂತಿನಿಂದ ಕಡ್ಡಿ ಇಳಿಬಿಟ್ಟು ಪಿಸ್ಟನ್ ಎಲ್ಲಿದೆ ಎಂದು ನೋಡುವುದಂತೆ. ಮಿಸ್ತ್ರಿ ಸ್ಕ್ರೂಡ್ರೈವರ್ ಇಳಿಸಹೊರಟಾಗ ಇವರು ಕೈ ಹಿಡಿದರು. "ಗೀರು ಬೀಳ್ತಾವ. ನಿನ್ನ ಸ್ವೆಟರ್ ಕಡ್ಡಿ ತಗೊಂಬಾ," ಎಂದು ನನಗೆ ಹೇಳಿದರು. ರಾಯಚೂರಿನ ಬಿಸಿಲಿನವರಿಗೆ ಸ್ವೆಟರಿನ ಕಡ್ಡಿ ಯಾಕೆ ಬೇಕಿತ್ತು ಎಂದು ಕೇಳಬೇಡಿ. ಮಗಳು ಹುಟ್ಟುವ ಮೊದಲು ಎಲ್ಲರೂ ಕಲಿಯುತ್ತಾರೆಂದು ನಾನೂ ಕಲಿತಿದ್ದೆ, ಅರ್ಧ ತೋಳಿಗೆ ಬಿಟ್ಟಿದ್ದೆ. ಕಡ್ಡಿಯ ಮೇಲೆ ಇವರು ಪೆನ್ನಿನಿಂದ ಸಣ್ಣ ಗುರುತು ಹಾಕಿದರು. ಮಿಸ್ತ್ರಿ ಮ್ಯಾಗ್ನೆಟ್ಟಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಕಡ್ಡಿ ಉಸಿರಾಡಿದಂತೆ ಮೇಲೆದ್ದು ಕೆಳಗಿಳಿಯಿತು.

"ನಿಲ್ಸು, ನಿಲ್ಸು! ಹಿಂದಕ ಒಂದು ಚೂರು. ಹಾಂ!" ಇವರ ದನಿ ಎಷ್ಟು ಏರಿತ್ತೆಂದರೆ ಅತ್ತೆ ಜಗಲಿಯಿಂದ ಇಳಿದು ಬಂದರು. "ಲೇ, ಇದು ನನ್ನ ಮಷೀನೇ ನೋಡು! ಸೂಜಿ ಕೆಳಗ ಹೋಗಿ ಹೊಳ್ಳಿ ಏಳೂ ಹೊತ್ತಿಗೇ ಶಟಲ್ ಮೂಗು ಬಂದು ದಾರ ಹಿಡೀಬೇಕು. ಒಂದು ಚೂರು ಹಿಂದ ಮುಂದ ಆದ್ರ ಹೊಲಿಗಿ ಬೀಳಂಗಿಲ್ಲ. ಇಲ್ಲಿ ದಾರದ ಬದಲಿ ಕಿಡಿ, ಅಷ್ಟೇ!"

"ಹಂಗಾದ್ರ ಇಷ್ಟು ವರ್ಷ ನನ್ನ ಕಡಿಂದ ಯಾಕ ಮಾಡಿಸಿದಿ, ಸಾಹೇಬ?" ಅಂದರು ಮಿಸ್ತ್ರಿ.

"ನೀ ಚಂದ ಬೈತಿ, ಅದಕ್ಕ."

ಗುರುವಾರ ಸಂಜೆ ಬ್ಯಾಟರಿ ಜೋಡಿಸಿ ಹಾರ್ನು ಒತ್ತಿದರು. ಹಳೆಯ ಹಾರ್ನು ನೆಗಡಿಯಾದ ಮೇಕೆಯಂತೆ ಕೂಗುತ್ತಿತ್ತು. ಇದು ಕೂಗಿದ ರಭಸಕ್ಕೆ ಅತ್ತೆಯ ಮೊರದಿಂದ ಶೇಂಗಾ ಅಂಗಳಕ್ಕೆಲ್ಲ ಹಾರಿತು. ಆಚೆ ಮನೆಯವರು ಲಾರಿ ಬಂತೆಂದು ಗೇಟು ತೆರೆದರು. ನಾವೆಲ್ಲ ಕೂತು ಶೇಂಗಾ ಆರಿಸುತ್ತ ನಕ್ಕಿದ್ದೇ ನಕ್ಕಿದ್ದು.

ಶುಕ್ರವಾರ ಕಾರ್ಬೊರೇಟರ್ ಕೂರಿಸುವ ಸರದಿ. ಎಂಜಿನ್ನಿಗೂ ಅಲ್ಯೂಮಿನಿಯಂ ತುಂಡಿಗೂ ನಡುವೆ ಒಂದು, ಅದಕ್ಕೂ ಕಾರ್ಬೊರೇಟರಿಗೂ ನಡುವೆ ಇನ್ನೊಂದು, ಎರಡು ಪ್ಯಾಕಿಂಗ್ ಬೇಕು. ಪ್ಯಾಕಿಂಗ್ ಅಂದರೆ ಕುಕ್ಕರಿಗೆ ರಬ್ಬರು ಇದ್ದ ಹಾಗೆ, ಎರಡು ಲೋಹಗಳ ನಡುವೆ ಗಾಳಿ ಸೋರದಂತೆ ಇಡುವ ಹಾಳೆ. ಅಂಗಡಿಯಲ್ಲಿ ಅದರದೇ ಶೀಟು ಸಿಗುತ್ತದೆ. ನಾನೇ ಹೋಗಿ ತರುತ್ತೇನೆಂದೆ.

ಮಿಸ್ತ್ರಿಗೆ ಅವಮಾನವಾಯಿತು. "ಭಾಬಿ, ಈ ಕೈಯಿಂದ ಎಷ್ಟು ಗಾಡಿ ಮದಿವಿ ಪತ್ರಿಕಿ ಮ್ಯಾಲ ಓಡ್ಸೀನಿ ಗೊತ್ತದೇನು? ಪತ್ರಿಕಿಯಂಥಾ ಪ್ಯಾಕಿಂಗ್ ಇಲ್ಲ. ದಪ್ಪಂದು ಒಂದು ಕೊಡ್ರಿ."

ಅದು ಸುಳ್ಳಲ್ಲ. ಅವರ ಗ್ಯಾರೇಜಿನಲ್ಲಿ ಮೊಳೆಗೆ ಚುಚ್ಚಿದ ಲಗ್ನಪತ್ರಿಕೆಗಳ ಗೊಂಚಲನ್ನು ನಾನೇ ನೋಡಿದ್ದೆ. ಇಡೀ ಊರು ತನ್ನ ಮಕ್ಕಳ ಮದುವೆಯನ್ನು ಅವರಿಗೆ ತಂದುಕೊಟ್ಟು, ತಮ್ಮ ಗಾಡಿಯೊಳಗೆ ಬೇರೆಯವರ ಮದುವೆಯನ್ನು ಹಾಕಿಸಿಕೊಂಡು ಹೋಗುತ್ತಿತ್ತು.

ನಮ್ಮ ಮನೆಯಲ್ಲಿದ್ದ ಪತ್ರಿಕೆಗಳಲ್ಲೆಲ್ಲ ದಪ್ಪನೆಯದು ಮಾನ್ವಿಯ ಬೀಗರ ಕಡೆಯದು. ಹೊಳೆಯುವ ಕೆಂಪು ಅಟ್ಟೆ, ಮುಟ್ಟಿದರೆ ಬೆರಳಿಗೆ ಸಿಗುವಂತೆ ಉಬ್ಬಿದ ಬಂಗಾರದ ಅಕ್ಷರಗಳು, ನಾಲ್ಕೂ ಮೂಲೆಗೆ ಅರಿಸಿನ. ತಂದುಕೊಟ್ಟವಳು ನಾನೇ. ಅದನ್ನು ನೋಡಿದ್ದೇ ಅತ್ತೆ ಅಡ್ಡ ಬಂದರು.

"ಮ್ಯಾಲ ಗಣಪ್ಪ ಅದಾನ. ಅಲ್ಲಿ ಕತ್ತರಿ ಹಚ್ಚಿದ್ರ ನೋಡು!"

"ಅಮ್ಮಾ, ಗಣಪ್ಪಗ ಹಚ್ಚಂಗಿಲ್ಲ. ಕೆಳಗ ಕೊಯ್ತೀನಿ," ಎಂದರು ಮಿಸ್ತ್ರಿ.

"ಕೆಳಗ ಕೊಯ್ಯಿ. ಕೆಳಗ ಬರೇ ಹೆಸರವ."

ಹಾಗೆ ಮೇಲಿನ ಸಾದಾ ಭಾಗವನ್ನು ಗಣಪತಿಗೆ ಬಿಟ್ಟು, ಬಂಧುಬಳಗದ ಹೆಸರುಗಳಿಂದ ಕಿಕ್ಕಿರಿದ ಕೆಳಗಿನ ಭಾಗವನ್ನು ಎಂಜಿನ್ನಿನ ಬಾಯಿಯ ಮೇಲಿಟ್ಟರು. ಮಿಸ್ತ್ರಿ ಸಣ್ಣ ಸುತ್ತಿಗೆಯಿಂದ ಅಂಚಿನ ಸುತ್ತ ಟಕ್ ಟಕ್ ಎಂದು ಬಡಿದರು, ಆಕಾರ ಮೂಡಿತು. ಕತ್ತರಿ ಕೇಳಿದಾಗ ನಾನು ಅಡುಗೆಮನೆಯದನ್ನು ಕೊಟ್ಟೆ. ಬಟ್ಟೆಯ ಕತ್ತರಿಗೆ ಕಾಗದ ತೋರಿಸಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ. ಕೊಯ್ದು ಮುಗಿದ ಮೇಲೆ ಗೊತ್ತಾಯಿತು, ಮುಹೂರ್ತದ ಹೊತ್ತೂ ಅದರಲ್ಲೇ ಹೋಗಿತ್ತು, ಮದುವೆ ಇನ್ನೂ ಆಗಿರಲಿಲ್ಲ! ಎಣ್ಣೆಯಲ್ಲಿ ಅದ್ದಿಟ್ಟರು. ಮಾಮೂಲಿಗೆ ಪತ್ರಿಕೆ ಎಣ್ಣೆ ಕುಡಿದು ಕಪ್ಪಗಾಗುತ್ತದಂತೆ. ಇದು ಹಾಗೇ ಕೆಂಪಗೆ ಹೊಳೆಯುತ್ತಿತ್ತು. ಮಿಸ್ತ್ರಿ ಒರೆಸಿ, ಹಾಕಿ, ಬಿಗಿದರು.

ಶನಿವಾರ ಬೆಳಿಗ್ಗೆ ಗಾಡಿಗೆ ಪೂಜೆಯಾಯಿತು. ಇವರು ಸ್ನಾನ ಮಾಡಿ ಬಂದು, ಟ್ಯಾಂಕಿನಿಂದ ಪೆಟ್ರೋಲು ಬಿಡುವ ಕಾಕು ತೆರೆದು, ಹಿಡಿಯನ್ನು ಮೇಲೆತ್ತಿದರು. ಎಡಗಾಲಿಟ್ಟು ಒತ್ತಿದರು. ಬುಸ್ ಎಂದು ಉಸಿರು, ಅಷ್ಟೇ. ಇನ್ನೊಮ್ಮೆ. ಮತ್ತೊಮ್ಮೆ. ನಾಲ್ಕನೆಯ ಸಲ ಅವರ ತುಟಿ ಬಿಗಿದದ್ದು ನನಗೆ ಕಂಡಿತು. "ಸಾಕು, ಇಳೀರಿ," ಅಂದೆ. ಇಳಿದರು. ಮಿಸ್ತ್ರಿ ಲುಂಗಿ ಎತ್ತಿ ಕಟ್ಟಿ, ಹತ್ತಿ, ಒದೆಯತೊಡಗಿದರು. ಹನ್ನೆರಡನೆಯದೋ ಹದಿಮೂರನೆಯದೋ ಒದೆತಕ್ಕೆ ಹತ್ತಿತು. ಹತ್ತಿದ್ದೇ ತಡ, ರೇಸು ಕೊಡದಿದ್ದರೂ ಕಿರ್ರೋ ಎಂದು ಕಿರುಚುತ್ತ ಮೇಲಕ್ಕೆ ಮೇಲಕ್ಕೆ ಏರಿ, ಓಣಿಯ ನಾಯಿಗಳನ್ನೆಲ್ಲ ಎಬ್ಬಿಸಿ, ಪಟ್ಟೆಂದು ನಿಂತಿತು. ನೀಲಿ ಹೊಗೆ ಮಾತ್ರ ಉಳಿಯಿತು.

"ಟೈಮಿಂಗ್ ಸರದದ. ಮ್ಯಾಗ್ನೆಟ್ ಬಿಚ್ಚಬೇಕು," ಅಂದರು ಮಿಸ್ತ್ರಿ.

"ಟೈಮಿಂಗ್ ಸರೀ ಅದ! ನಾ ಕಣ್ಣಿಂದ ನೋಡೀನಿ," ಅಂದರು ಇವರು.

"ಹಂಗಾದ್ರ ನೀನಾ ಹೇಳಪಾ ಏನಾಗ್ಯಾದ!"

"ನನಗೇನು ಗೊತ್ತು? ಬಿಟ್ಟುಬಿಡ್ರಿ. ನಾಳೆ ಟೆಂಪೋ ಬರ್ತದ. ಹೂವಿನ ಕುಂಡ ಇಡ್ಲಿ."

ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತರು. ನಾನು ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ತಂದಿಟ್ಟೆ, ಯಾರೂ ಮುಟ್ಟಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಮಿರ್ಚಿ ಆರುವವರೆಗೆ ಬಿಟ್ಟ ಗಂಡಸರನ್ನು ರಾಯಚೂರಿನಲ್ಲಿ ನಾನು ಕಂಡಿದ್ದಿಲ್ಲ.

"ಮಿಸ್ತ್ರಿಯವರ, ಹಿಂಗ ಯಾವಾಗ ಕಿರುಚ್ತದ?" ಎಂದು ಕೇಳಿದೆ.

ಅವರು ಬೇಸರದಿಂದಲೇ ವಿವರಿಸಿದರು. ಎಂಜಿನ್ನು ಕಾರ್ಬೊರೇಟರ್ ಅಳೆದು ಕೊಟ್ಟ ಗಾಳಿಯನ್ನಷ್ಟೇ ಎಳೆಯಬೇಕು. ಬೇರೆಲ್ಲಿಂದಲೋ ಕಳ್ಳಗಾಳಿ ನುಗ್ಗಿದರೆ ಪೆಟ್ರೋಲು ಸಾಲದೆ ಹತ್ತಲು ಸತಾಯಿಸುತ್ತದೆ, ಹತ್ತಿದರೆ ಹೀಗೆ ಹುಚ್ಚಾಗುತ್ತದೆ. "ಖರೆ ಗಾಳಿ ಎಲ್ಲಿಂದ ಬರ್ತದ? ಪ್ಯಾಕಿಂಗ್ ನಾನೇ ಹಾಕೀನಿ."

ಗಾಳಿ ಸೋರುವುದನ್ನು ಹಿಡಿಯುವುದು ನನಗೆ ಹೊಸದಲ್ಲ. ಸಿಲಿಂಡರ್ ಬದಲಾಯಿಸಿದಾಗಲೆಲ್ಲ ರೆಗ್ಯುಲೇಟರಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತೇನೆ. ಒಳಗೆ ಹೋಗಿ ಬಟ್ಟಲಲ್ಲಿ ನೊರೆ ಕಲಸಿ ತಂದೆ. "ಇನ್ನೊಮ್ಮೆ ಚಾಲೂ ಮಾಡ್ರಿ, ಎಷ್ಟು ಕಿಕ್ ಹೊಡದ್ರೂ ಅಡ್ಡಿಯಿಲ್ಲ."

"ಭಾಬಿ, ಗಾಡಿಗೆ ಎಣ್ಣಿ-ನೀರು ಹಾಕ್ತೀರೇನು?" ಎಂದರೂ ಮಿಸ್ತ್ರಿ ಒದ್ದರು. ಗಾಡಿ ಕಿರುಚಿತು. ನಾನು ಬಗ್ಗಿ, ಅಲ್ಯೂಮಿನಿಯಂ ತುಂಡಿನ ಸುತ್ತ ಬೆರಳಿನಿಂದ ನೊರೆ ಸವರಿದೆ. ಮೇಲೆ ಹಚ್ಚಿದ್ದು ಮೇಲೇ ಕೂತಿತು. ಬದಿಗೆ ಹಚ್ಚಿದ್ದೂ ಕೂತಿತು. ಕೆಳಗಿನ ಅಂಚಿಗೆ ಹಚ್ಚಿದ್ದು ಸುರ್ರೆಂದು ಒಳಗೆ ಹೋಯಿತು! ಆ ಕ್ಷಣವೇ ಎಂಜಿನ್ನಿನ ಕಿರುಚಾಟ ತಗ್ಗಿತು. ಮತ್ತೆ ಹಚ್ಚಿದೆ, ಮತ್ತೆ ನುಂಗಿ ತಗ್ಗಿತು.

"ಹೋತು! ಒಳಗ ಹೋತು! ಇಲ್ಲೇ ಅದ!" ಎಂದು ನಾನು ಕೂಗಿದ ದನಿ ನನ್ನದೇ ಎಂದು ನನಗೆ ಅನ್ನಿಸಲಿಲ್ಲ.

ಐದೇ ನಿಮಿಷದಲ್ಲಿ ಬಿಚ್ಚಿದರು. ಪ್ಯಾಕಿಂಗ್ ಹಾಗೇ ಕೆಂಪಗಿತ್ತು. ಕೆಳಗಿನ ಅಂಚಿನಲ್ಲಿ ಬಂಗಾರದ ಉಬ್ಬಕ್ಷರಗಳ ಒಂದು ಸಾಲು ಹಾದುಹೋಗಿತ್ತು. ಉಬ್ಬಿದ ಅಕ್ಷರಗಳ ನಡುವಿನ ತಗ್ಗುಗಳೆಲ್ಲ ಗಾಳಿಗೆ ಸಣ್ಣ ಸಣ್ಣ ಕಾಲುವೆಗಳು. ಮಿಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೊದಲಿನ ಪತ್ರಿಕಿ ಹಿಂಗಿರಲಿಲ್ಲ," ಅಂದರು. "ಸಾದಾ ಅಟ್ಟಿ, ಸಾದಾ ಅಕ್ಷರ. ಎಣ್ಣಿ ಕುಡದು ಮೆತ್ತಗ ಕುಂದರ್ತಿತ್ತು. ಇದರ ಮೈತುಂಬ ಪ್ಲಾಸ್ಟಿಕ್. ನಾ ನೋಡಬೇಕಿತ್ತು." ಅದನ್ನು ಕೆಳಗಿಟ್ಟು, "ತಪ್ಪು ನಂದು, ಯಾರ್," ಎಂದರು ಇವರಿಗೆ.

"ನಿಂದೊಬ್ಬಂದೇ ಏನು? ಗಣಪ್ಪನ್ನ ಉಳಿಸಿದವರು ನಮ್ಮವ್ವ, ಪತ್ರಿಕಿ ಆರಿಸಿದಾಕಿ ಇಕಿ, ಸುಮ್ನ ನೋಡಿದಂವಾ ನಾ," ಎಂದು ಇವರು ಮಿರ್ಚಿಯ ತಟ್ಟೆಯನ್ನು ಗೆಳೆಯನ ಕಡೆ ದೂಡಿದರು.

ಅತ್ತೆ ಒಳಗೆ ಹೋದರು. ಟ್ರಂಕಿನ ಸದ್ದಾಯಿತು. ಹೊರಬಂದಾಗ ಅವರ ಕೈಯಲ್ಲಿ, ಹೊಸ ಅಂಗಿಯ ಮಡಿಕೆಯೊಳಗೆ ಇಟ್ಟು ಕೊಡುತ್ತಾರಲ್ಲ, ಆ ಬೂದು ಬಣ್ಣದ ಸಾದಾ ರಟ್ಟು. "ಇದರ ಮ್ಯಾಲ ಯಾರ ಹೆಸರೂ ಇಲ್ಲ, ಯಾವ ದೇವರೂ ಇಲ್ಲ. ಎಲ್ಲಿ ಬೇಕಾದಲ್ಲಿ ಕೊಯ್ಕೋರಿ."

ಈ ಸಲ ರಟ್ಟು ಎಣ್ಣೆಯನ್ನು ಬಾಯಾರಿದವರಂತೆ ಕುಡಿಯಿತು. ಸಂಜೆ ಬಿಗಿದು ಮುಗಿಸಿದಾಗ ನಾನು ಚಾಲೂ ಮಾಡಿ ನೋಡಿ ಎಂದೆ. ಇವರು ಬೇಡವೆಂದರು. ಬೆಳಿಗ್ಗೆಯ ನಾಲ್ಕು ಒದೆಗೆ ಮೊಣಕಾಲು ಬಾತಿತ್ತು. ನಾನು ಬಿಸಿ ಉಪ್ಪಿನ ಶಾಖ ಕೊಡುವಾಗ ಒಂದೇ ಮಾತು ಅಂದರು: "ನಾಳೆ ಒಂದೇ ಸಲ ಒತ್ತಿ ನೋಡ್ತೀನಿ. ಎರಡನೇದಕ್ಕ ಈ ಕಾಲು ಬರಂಗಿಲ್ಲ."

ಭಾನುವಾರ ಒಂಬತ್ತಕ್ಕೆ ಟೆಂಪೋ ಬಂದೇ ಬಂತು. ಹೊಟೇಲಿನವರು ಹಗ್ಗ, ಗೋಣಿಚೀಲ ಎಲ್ಲ ತಂದಿದ್ದರು. ಇವರು ಅವರಿಗೆ ಕೈ ಮುಗಿದು, "ಎರಡು ನಿಮಿಷ ಕುಂದರ್ರಿ," ಎಂದು ಗಾಡಿಯ ಹತ್ತಿರ ಹೋದರು. ಮಿಸ್ತ್ರಿ ಗೇಟಿನ ಕಂಬ ಹಿಡಿದು ನಿಂತಿದ್ದರು. ಅತ್ತೆ ಜಗಲಿಯ ಅಂಚಿಗೆ. ನಾನು ತುಳಸಿಕಟ್ಟೆಯ ಹತ್ತಿರ, ಕೈಯಲ್ಲಿ ಚಹದ ತಟ್ಟೆ.

ಕಾಕು ತೆರೆದರು. ಕೀಲಿ ತಿರುಗಿಸಿದರು. ಹಿಡಿಯನ್ನೆತ್ತಿ, ಮೊದಲು ಕೈಯಿಂದ ಮೆಲ್ಲಗೆ ಒತ್ತಿ, ಪಿಸ್ಟನ್ ಎಲ್ಲಿದೆ ಎಂದು ಹುಡುಕಿದರು. ಹೊಲಿಗೆ ಯಂತ್ರದ ಚಕ್ರವನ್ನು ತಿರುಗಿಸಿ ನೋಡುವಂತೆಯೇ. ಆಮೇಲೆ ಎಡಗಾಲಿಟ್ಟರು. ಒದೆಯಲಿಲ್ಲ. ಯಂತ್ರದ ಪೆಡಲು ತುಳಿದ ಹಾಗೆ, ಮೈಭಾರ ಬಿಟ್ಟು ಒತ್ತಿದರು.

ಹತ್ತಿತು.

ಕಿರುಚಲಿಲ್ಲ, ಕೆಮ್ಮಲಿಲ್ಲ. ಡಬ್ ಡಬ್ ಡಬ್ ಎಂದು, ಅಡುಗೆಮನೆಯ ಒಲೆಯ ಮೇಲೆ ಅನ್ನ ಕುದಿಯುವಂತೆ ಒಂದೇ ಸಮನೆ ಓಡತೊಡಗಿತು. ಮಿಸ್ತ್ರಿ "ಸುಭಾನಲ್ಲಾ!" ಎಂದು ಗೇಟಿಗೆ ಹೊಡೆದರು. ಇವರು ನಮ್ಮನ್ನು ಯಾರನ್ನೂ ನೋಡದೆ ಎಂಜಿನ್ ಆರಿಸಿದರು. ಮತ್ತೆ ಒತ್ತಿದರು. ಹತ್ತಿತು! ಆರಿಸಿದರು. ಒತ್ತಿದರು. ಹತ್ತಿತು! ಒಂದೇ ಸಲ ಎಂದಿದ್ದ ಮನುಷ್ಯ ಆರನೆಯ ಸಲ ಹಿಡಿ ಎತ್ತುತ್ತಿದ್ದಾಗ ಅತ್ತೆಗೆ ತಡೆಯಲಾಗಲಿಲ್ಲ.

"ಸಾಕು ಬಿಡೋ ಯಪ್ಪಾ! ಗೊತ್ತಾತು ಎಲ್ಲಾರಿಗೂ!"

ಹೊಟೇಲಿನವರು ಒಳ್ಳೆಯ ಮನುಷ್ಯ. ಇವರು ಮಾಫಿ ಕೇಳುವ ಮೊದಲೇ ಹಗ್ಗ ಸುತ್ತತೊಡಗಿದ್ದರು. "ಹೋಗ್ಲಿ ಬಿಡ್ರಿ. ಇಷ್ಟು ಚಂದ ಮಾತಾಡೋ ಗಾಡಿ ಮ್ಯಾಲ ಕುಂಡ ಇಟ್ರ ನನಗ ಪಾಪ ಹತ್ತತದ," ಎಂದು ಚಹ ಕುಡಿದು, ಹಿಂದೆ ಕೂತು ಓಣಿಯ ಕೊನೆಯವರೆಗೆ ಒಂದು ಸುತ್ತು ಹೊಡೆಸಿಕೊಂಡೇ ಹೋದರು.

ಆ ವಾರದ ಸಂತೆಗೆ ದೇವದುರ್ಗಕ್ಕೆ ನಾನೂ ಹೊರಟೆ. ಕಾಲಿನ ನೆಪ ಹೇಳಿದೆ. ನಿಜ ಹೇಳಬೇಕೆಂದರೆ ಕೂರುವ ಆಸೆ. ಹೊಲಗಳ ನಡುವಿನ ರಸ್ತೆಯಲ್ಲಿ ಗಾಳಿ ಕಿವಿಗೆ ಬಡಿಯುತ್ತಿತ್ತು, ಉಪಕರಣದ ಚೀಲ ನನ್ನ ತೊಡೆಯ ಮೇಲೆ ಗಲಗಲ ಎನ್ನುತ್ತಿತ್ತು. ಇವರು ಪ್ರತಿ ಗೇರಿಗೂ ತಲೆ ಆಡಿಸುತ್ತಿದ್ದರು, ಹಾಡು ಕೇಳುವವರಂತೆ. ಸಂತೆಯಲ್ಲಿ ಮೂರು ಯಂತ್ರ, ಊರ ಹೊರಗೆ ಎರಡು. ಮಧ್ಯಾಹ್ನದ ಬಿಸಿಲಿಗೆ ಗಾಡಿ ಕಾದು ನಿಂತಿತ್ತು. ಹಳೆಯ ದಿನಗಳಲ್ಲಿ ಇದು ಹತ್ತು ಒದೆಯ ಹೊತ್ತು. ನಾನು ಚೀಲ ಕೆಳಗಿಟ್ಟು, ಬೇಕಾದರೆ ಹಿಡಿದುಕೊಳ್ಳಲೆಂದು ಅವರ ಪಕ್ಕಕ್ಕೆ ಹೋದೆ.

"ದೂರ ಸರಿ," ಅಂದರು. ಎಡಗಾಲಿಟ್ಟು ಒತ್ತಿದರು. ಹತ್ತಿತು. ಹಿಡಿಯನ್ನು ಮುಂದಕ್ಕೆ ಮಡಚಿ, "ಹತ್ತು ಜಲ್ದಿ. ಮಲ್ಲಟದಾಗ ಆ ಲೇತಿನವರ ಹೆಂಡ್ತಿ ಅಕ್ಕ ಕಾಯಾಕತ್ಯಾಳ. ಅಲ್ಲಿಂದ ಮಾನ್ವಿ ಹಾದು ಹೋಗೂಣು," ಎಂದರು.

ನಾನು ಮನೆಗೆ ಫೋನು ಹಚ್ಚಿದೆ. "ಅತ್ತೀ, ನಾವು ಬರೋದು ತಡಾ ಆಗ್ತದ."

"ಯಾಕ, ಗಾಡಿ ಕೆಟ್ಟು ನಿಂತದೇನು?"

"ಗಾಡಿ ಛಲೋ ಅದರೀ. ನಿಮ್ಮ ಮಗಾ ನಿಂದ್ರವಲ್ರು."